ಮೊಟ್ಟೆಯೊಳಗಿನ ರಕ್ತಬಿಂದು, ಹುಣ್ಣಿನ ಮೇಲಿನ ಜೇನು



ಸ್ಟ್ರಾಟ್‌ಫರ್ಡ್‌ನ ಈ ಸಭೆಯಲ್ಲಿ ಜೇನು ಮತ್ತು ಕೋಳಿಮೊಟ್ಟೆಯನ್ನು ಕುರಿತು ಉಪನ್ಯಾಸವಿದೆಯೆಂದು ತಿಳಿದಾಗ ಪಾಕಶಾಸ್ತ್ರದ ಪ್ರಾತ್ಯಕ್ಷಿಕೆಯನ್ನು ನಿರೀಕ್ಷಿಸಿ ಬಂದವರೂ ಇರಬಹುದು. ಅವರ ಕ್ಷಮೆ ಕೋರಿ ನಾವು ಆರಂಭಿಸುತ್ತೇವೆ. ನಮ್ಮ ಪ್ರಶ್ನೆ ಚಿಕ್ಕದು. ಕಾವಿನಲ್ಲಿರುವ ಮೊಟ್ಟೆಯೊಳಗೆ ಮರಿ ರೂಪುಗೊಳ್ಳುತ್ತಿರುವಾಗ, ಅದರ ಎಳೆಯ ರಕ್ತನಾಳಗಳ ಮೇಲೆ ಜೇನು ತಗುಲಿದರೆ ಆ ನಾಳಗಳು ಹಬ್ಬುತ್ತವೆಯೆ, ಕುಗ್ಗುತ್ತವೆಯೆ?

ಇಂಥ ಪ್ರಶ್ನೆಯಿಂದ ಯಾರಿಗೇನು ಪ್ರಯೋಜನವೆಂದು ಕೇಳಬಹುದು. ನಮ್ಮ ಕುಟುಂಬಗಳಲ್ಲಿ ಸಿಹಿಮೂತ್ರ ರೋಗವಿಲ್ಲದ ಮನೆ ಅಪರೂಪ. ಆ ರೋಗದವರ ಕಾಲಿನ ಹುಣ್ಣು ಮಾಯಬೇಕಾದರೆ ಅಲ್ಲಿ ಹೊಸ ರಕ್ತನಾಳಗಳು ಹುಟ್ಟಬೇಕು. ಇನ್ನೊಂದೆಡೆ, ಅರ್ಬುದದ ಗೆಡ್ಡೆ ಬೆಳೆಯದಿರಬೇಕಾದರೆ ಅಲ್ಲಿ ಹೊಸ ರಕ್ತನಾಳಗಳು ಹುಟ್ಟಬಾರದು. ಒಂದೇ ಕ್ರಿಯೆ ಒಬ್ಬ ರೋಗಿಗೆ ಜೀವದಾನ, ಮತ್ತೊಬ್ಬನಿಗೆ ಮೃತ್ಯು. ಅಜ್ಜಿಯ ಭರಣಿಯಲ್ಲಿದ್ದ ಜೇನು ಇವೆರಡರಲ್ಲಿ ಯಾವ ಪಕ್ಷದ್ದು ಎಂಬುದನ್ನು ಪರೀಕ್ಷಿಸುವ ಪಾತ್ರೆಯಾಗಿ ವಿಜ್ಞಾನಿಗಳು ಕೋಳಿಮೊಟ್ಟೆಯನ್ನು ಆರಿಸಿಕೊಂಡರು. ಆ ಮೊಟ್ಟೆಯ ಚರಿತ್ರೆಯ ಒಂದೆರಡು ಅಧ್ಯಾಯಗಳು ನಾವು ಕುಳಿತಿರುವ ಈ ಊರಿನ ಆಸುಪಾಸಿನಲ್ಲಿಯೇ ನಡೆದವು. ಜೇನಿನ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಮ್ಮ ಕನ್ನಡ ಗಡಿಯಲ್ಲಿ ನಡೆಯಿತು.

ಹಾರ್ವೆ ಕಂಡ ಬಿಂದು

ಮೊಟ್ಟೆಯನ್ನು ದಿನಕ್ಕೊಂದರಂತೆ ಒಡೆದು ಮರಿಯ ಬೆಳವಣಿಗೆಯನ್ನು ಅನುಸರಿಸುವ ಕ್ರಮ ಪ್ರಾಚೀನ ಗ್ರೀಸಿನದು. ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ಬಿಳಿ ಲೋಳೆಯಲ್ಲಿ ಹೃದಯವು ರಕ್ತದ ಚುಕ್ಕೆಯಾಗಿ ಕಾಣಿಸಿಕೊಂಡು ಮಿಡಿಯುವುದನ್ನು ಅರಿಸ್ಟಾಟಲನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ದಾಖಲಿಸಿದ್ದಾನೆ. ಆ ಚುಕ್ಕೆಯಿಂದ ರಕ್ತ ತುಂಬಿದ ಎರಡು ನಾಳಗಳು ಹೊರಡುವುದನ್ನೂ ಅವನು ಗಮನಿಸಿದ್ದನು.

ಎರಡು ಸಾವಿರ ವರ್ಷಗಳ ತರುವಾಯ ಅದೇ ಚುಕ್ಕೆಯನ್ನು ಲಂಡನ್ನಿನಲ್ಲಿ ನೋಡಿದವನು ವಿಲಿಯಂ ಹಾರ್ವೆ. ಇಟಲಿಯ ಪಡುವಾದಲ್ಲಿ ಫ್ಯಾಬ್ರಿಸಿಯಸ್ಸನ ಶಿಷ್ಯನಾಗಿದ್ದ ಅವನು ೧೬೦೯ರಿಂದ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ವೈದ್ಯನಾಗಿದ್ದನು. ದೇಹದಲ್ಲಿ ರಕ್ತವು ವೃತ್ತಾಕಾರವಾಗಿ ಪರಿಚಲಿಸುತ್ತದೆಂದು ಸಾರಿದ ಅವನ ಗ್ರಂಥ ೧೬೨೮ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾಯಿತು. ಅದರಲ್ಲಿಯೂ ಕೋಳಿಮೊಟ್ಟೆ ಸಾಕ್ಷಿ ನುಡಿಯುತ್ತದೆ. ನಾಲ್ಕೈದು ದಿನದ ಮೊಟ್ಟೆಯ ಚಿಪ್ಪು ತೆಗೆದು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಸಣ್ಣ ಮೋಡದಂತಹ ಆಕೃತಿಯ ನಡುವೆ ಸೂಜಿಯ ಮೊನೆಯಷ್ಟು ಕೆಂಪು ಬಿಂದುವೊಂದು ಸಂಕುಚಿಸಿದಾಗ ಮರೆಯಾಗಿ, ವಿಕಸಿಸಿದಾಗ ಮತ್ತೆ ಮೂಡುವುದನ್ನು ಹಾರ್ವೆ ಅಲ್ಲಿ ವರ್ಣಿಸುತ್ತಾನೆ. ೧೬೪೨ರಲ್ಲಿ ಅಂತರ್ಯುದ್ಧ ಆರಂಭವಾದಾಗ ಅವನ ವಸತಿ ಲೂಟಿಯಾಗಿ ಅನೇಕ ವರ್ಷಗಳ ಟಿಪ್ಪಣಿಗಳು ಹಾಳಾದವು. ಆದರೂ ಪ್ರಾಣಿಗಳ ಉತ್ಪತ್ತಿಯನ್ನು ಕುರಿತ ಅವನ ಎರಡನೆಯ ಮಹಾಗ್ರಂಥ ೧೬೫೧ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಅದರ ಬಹುಭಾಗ ಕೋಳಿಮೊಟ್ಟೆಯ ಕಥೆಯೇ. ೧೬೫೭ರಲ್ಲಿ ತೀರಿಕೊಂಡ ಹಾರ್ವೆಯ ಸಮಾಧಿ ಎಸೆಕ್ಸ್ ಪ್ರಾಂತದ ಹೆಂಪ್‌ಸ್ಟೆಡ್ ಎಂಬ ಹಳ್ಳಿಯ ಚರ್ಚಿನಲ್ಲಿದೆ.

ಹಾರ್ವೆಯ ವಾದದಲ್ಲಿ ಒಂದು ಕೊಂಡಿ ತಪ್ಪಿತ್ತು. ಅಪಧಮನಿಯಿಂದ ಹೊರಟ ರಕ್ತ ಅಭಿಧಮನಿಯನ್ನು ಸೇರುವುದು ಯಾವ ಹಾದಿಯಲ್ಲಿ? ಬರಿಗಣ್ಣಿಗೆ ಆ ಹಾದಿ ಕಾಣುವಂತಿರಲಿಲ್ಲ. ೧೬೬೧ರಲ್ಲಿ ಇಟಲಿಯ ಮಾಲ್ಪೀಗಿಯು ಸೂಕ್ಷ್ಮದರ್ಶಕದ ನೆರವಿನಿಂದ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಕಂಡನು. ಮುಂದೆ ಅವನು ಕಾವಿನ ಮೊಟ್ಟೆಯಲ್ಲಿ ಹಳದಿ ಭಂಡಾರದ ಮೇಲೆ ಹಬ್ಬುವ ನಾಳಗಳ ಜಾಲವನ್ನು ಚಿತ್ರಿಸಿ, ಆ ಬರಹವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದನು. ೧೬೭೩ರಲ್ಲಿ ಅದು ಪ್ರಕಟವಾಯಿತು.

ಅಪ್ಟನ್ನಿನ ಮಸೂರ

ಇನ್ನು ನಮ್ಮ ನೆರೆಹೊರೆಗೆ ಬರೋಣ. ೧೯೬೫ರಲ್ಲಿ ನ್ಯೂಹ್ಯಾಮ್ ಎಂಬ ಬರೋ ರಚನೆಯಾಗುವ ಮುನ್ನ ಸ್ಟ್ರಾಟ್‌ಫರ್ಡ್ ಮತ್ತು ಅದರ ಸುತ್ತಣ ವೆಸ್ಟ್ ಹ್ಯಾಮ್ ಪ್ರದೇಶವು ಎಸೆಕ್ಸ್ ಪ್ರಾಂತಕ್ಕೆ ಸೇರಿತ್ತು. ಇಲ್ಲಿಂದ ಒಂದು ಮೈಲಿಯಷ್ಟು ದೂರದ ಅಪ್ಟನ್ನಿನಲ್ಲಿ, ಇಂದು ನಮ್ಮ ಮಕ್ಕಳು ಆಡುವ ವೆಸ್ಟ್ ಹ್ಯಾಮ್ ಪಾರ್ಕಿನ ಬಳಿ, ಜೋಸೆಫ್ ಜಾಕ್ಸನ್ ಲಿಸ್ಟರ್ ಎಂಬ ದ್ರಾಕ್ಷಾರಸದ ವ್ಯಾಪಾರಿ ವಾಸವಾಗಿದ್ದನು. ಬಿಡುವಿನ ವೇಳೆಯಲ್ಲಿ ಅವನು ಮಸೂರಗಳನ್ನು ಕುರಿತು ಅಧ್ಯಯನ ನಡೆಸುತ್ತಿದ್ದನು. ಅಂದಿನ ಸೂಕ್ಷ್ಮದರ್ಶಕಗಳಲ್ಲಿ ವಸ್ತುವಿನ ಅಂಚಿಗೆಲ್ಲ ಕಾಮನಬಿಲ್ಲಿನ ಬಣ್ಣ ಬಳಿದಂತಾಗಿ, ನೋಡಿದ್ದು ನಿಜವೋ ಭ್ರಮೆಯೋ ತಿಳಿಯುತ್ತಿರಲಿಲ್ಲ. ಮಸೂರಗಳನ್ನು ಎಷ್ಟೆಷ್ಟು ಅಂತರದಲ್ಲಿ ಜೋಡಿಸಿದರೆ ಈ ದೋಷ ನೀಗುತ್ತದೆಂಬುದನ್ನು ಅವನು ೧೮೩೦ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ನಿರೂಪಿಸಿದನು. ಇದಕ್ಕೆ ಮೂರು ವರ್ಷ ಮೊದಲು, ೧೮೨೭ರಲ್ಲಿ, ಅವನೂ ವೈದ್ಯ ಥಾಮಸ್ ಹಾಡ್ಜ್‌ಕಿನ್ನನೂ ಕೂಡಿ ರಕ್ತದ ಕೆಂಪು ಕಣಗಳು ಗುಂಡಿನಾಕಾರದವಲ್ಲ, ಎರಡೂ ಮಗ್ಗುಲಲ್ಲಿ ತಗ್ಗಾದ ಬಿಲ್ಲೆಗಳು ಎಂದು ತೋರಿಸಿದ್ದರು.

ಅದೇ ೧೮೨೭ರ ಏಪ್ರಿಲ್ ೫ರಂದು ಅಪ್ಟನ್ನಿನ ಆ ಮನೆಯಲ್ಲಿ ಹುಟ್ಟಿದ ಮಗನೇ ಮುಂದೆ ಲೋಕಪ್ರಸಿದ್ಧನಾದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್. ೧೮೬೭ರಲ್ಲಿ ಕಾರ್ಬಾಲಿಕ್ ಆಮ್ಲದಿಂದ ಗಾಯಗಳನ್ನು ಕೀವಾಗದಂತೆ ಕಾಯುವ ವಿಧಾನವನ್ನು ಪ್ರಕಟಿಸಿದವನೆಂದು ಅವನನ್ನು ಎಲ್ಲರೂ ಬಲ್ಲರು. ಅದಕ್ಕೆ ಹತ್ತು ವರ್ಷ ಮೊದಲು ಅವನು ಕಪ್ಪೆಯ ಪಾದದ ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಉರಿಯೂತದ ಮೊದಲ ಗಳಿಗೆಗಳಲ್ಲಿ ಸಣ್ಣ ರಕ್ತನಾಳಗಳು ಹೇಗೆ ವರ್ತಿಸುತ್ತವೆಂದು ತಾಳ್ಮೆಯಿಂದ ನೋಡಿದ್ದನು. ಗಾಯ, ರಕ್ತನಾಳ, ಮಸೂರ ಈ ಮೂರೂ ಒಂದೇ ಮನೆತನದಲ್ಲಿ ಕೂಡಿಬಂದದ್ದು ಈ ಊರಿನ ಭಾಗ್ಯ. ಆ ಮನೆ ಈಗಿಲ್ಲ. ಉದ್ಯಾನವಂತೂ ಉಳಿದಿದೆ, ಅಲ್ಲಿ ನಡೆದಾಡುವಾಗ ಒಮ್ಮೆ ಅವರನ್ನು ನೆನೆಯುವುದು ನಮಗೆ ಉಚಿತ.

ಕಿಟಕಿ ತೆರೆದ ಮೊಟ್ಟೆ

ಇಲ್ಲಿಯವರೆಗೆ ಮೊಟ್ಟೆ ನೋಟದ ವಸ್ತುವಾಗಿತ್ತು. ಅದು ಪ್ರಯೋಗದ ನೆಲವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ೧೯೧೧ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್ ಮತ್ತು ಜೇಮ್ಸ್ ಮರ್ಫಿ ಕೋಳಿಯ ಗೆಡ್ಡೆಯೊಂದನ್ನು ಮೊಟ್ಟೆಯೊಳಗಿನ ಮರಿಗೆ ನಾಟಿಮಾಡಿ ಬೆಳೆಸಿದರು. ೧೯೩೧ರಲ್ಲಿ ಅಮೆರಿಕದ ಗುಡ್‌ಪಾಸ್ಚರ್ ಮತ್ತು ಸಂಗಡಿಗರು ಮೊಟ್ಟೆಯ ಪೊರೆಯ ಮೇಲೆ ವೈರಸ್ಸುಗಳನ್ನು ಬೆಳೆಸಿದರು. ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ ೧೯೩೨-೩೩ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಈ ವಿದ್ಯೆಯನ್ನು ಕೈಗೂಡಿಸಿಕೊಂಡು ಮುಂದೆ ಅದರ ಆಚಾರ್ಯನೇ ಆದನು. ಅದಕ್ಕೂ ಕೆಲವು ವರ್ಷ ಹಿಂದೆ ಅವನು ಲಂಡನ್ನಿನಲ್ಲಿ ಸಂಶೋಧನೆ ನಡೆಸಿದ್ದು ನಮ್ಮ ಅಪ್ಟನ್ನಿನ ಲಿಸ್ಟರನ ಹೆಸರು ಹೊತ್ತ ಲಿಸ್ಟರ್ ಸಂಸ್ಥೆಯಲ್ಲಿ.

ರಕ್ತನಾಳಗಳ ಪ್ರಶ್ನೆಯನ್ನು ಮುನ್ನೆಲೆಗೆ ತಂದವನು ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್. ಗೆಡ್ಡೆಯು ತನ್ನತ್ತ ಹೊಸ ರಕ್ತನಾಳಗಳನ್ನು ಕರೆದುಕೊಳ್ಳದ ಹೊರತು ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗಲಾರದು, ಆದ್ದರಿಂದ ನಾಳಗಳನ್ನು ತಡೆದರೆ ಗೆಡ್ಡೆಯನ್ನು ಕಟ್ಟಿಹಾಕಬಹುದು ಎಂದು ಅವನು ೧೯೭೧ರಲ್ಲಿ ಬರೆದನು. ಅಂದು ನಂಬಿದವರು ವಿರಳ. ೨೦೦೪ರಲ್ಲಿ ಇದೇ ತತ್ತ್ವದ ಮೇಲೆ ರಚಿತವಾದ ಔಷಧಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಯಾವ ವಸ್ತು ನಾಳಗಳನ್ನು ಬೆಳೆಸುತ್ತದೆ, ಯಾವುದು ತಡೆಯುತ್ತದೆ ಎಂದು ಅಳೆಯಲು ೧೯೭೦ರ ದಶಕದಿಂದ ಕೋಳಿಮೊಟ್ಟೆಯ ಪೊರೆಯೇ ಎಲ್ಲರ ಒರೆಗಲ್ಲಾಯಿತು.

ಆ ಪೊರೆಯ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಕೋಳಿಮೊಟ್ಟೆ ಒಡೆದು ಮರಿ ಹೊರಬರಲು ಇಪ್ಪತ್ತೊಂದು ದಿನ. ಚಿಪ್ಪಿನ ಒಳಮೈಗೆ ಅಂಟಿಕೊಂಡಂತೆ ಹರಡುವ ಕೋರಿಯೋ-ಅಲಾಂಟಾಯಿಕ್ ಪೊರೆಯೇ ಆವರೆಗೆ ಮರಿಯ ಶ್ವಾಸಾಂಗ. ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಬರುವ ಗಾಳಿಯನ್ನು ಹೀರುವುದಕ್ಕಾಗಿ ಅದರ ತುಂಬ ರಕ್ತನಾಳಗಳು ಅರಳಿ ಎಲೆಯ ನರಗಳಂತೆ ಕವಲೊಡೆಯುತ್ತವೆ. ಪ್ರಯೋಗಕಾರನು ಫಲಿತ ಮೊಟ್ಟೆಗಳನ್ನು ಸುಮಾರು ಮೂವತ್ತೇಳೂವರೆ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿಟ್ಟು, ಮೂರನೆಯ ದಿನ ಸ್ವಲ್ಪ ಬಿಳಿ ಲೋಳೆಯನ್ನು ಸೂಜಿಯಿಂದ ತೆಗೆದು ಪೊರೆಯನ್ನು ಚಿಪ್ಪಿನಿಂದ ಕೆಳಗಿಳಿಸುತ್ತಾನೆ. ಬಳಿಕ ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆದು ಅಂಟುಪಟ್ಟಿಯಿಂದ ಮುಚ್ಚುತ್ತಾನೆ. ಎಂಟು ಹತ್ತು ದಿನಗಳಾದಾಗ ಪರೀಕ್ಷಿಸಬೇಕಾದ ವಸ್ತುವನ್ನು ಕಾಗದದ ಪುಟ್ಟ ಬಿಲ್ಲೆಯಲ್ಲಿ ಅದ್ದಿ ಪೊರೆಯ ಮೇಲಿಡುತ್ತಾನೆ. ಎರಡು ಮೂರು ದಿನ ಬಿಟ್ಟು ನೋಡಿದಾಗ, ನಾಳಗಳು ಬಂಡಿಯ ಗಾಲಿಯ ಅರಗಳಂತೆ ಬಿಲ್ಲೆಯ ಕಡೆಗೆ ಮುಖಮಾಡಿದ್ದರೆ ಆ ವಸ್ತು ನಾಳವರ್ಧಕ. ಬಿಲ್ಲೆಯ ಸುತ್ತ ಬಯಲಾಗಿದ್ದರೆ ಅದು ನಾಳನಿರೋಧಕ. ಈ ದೇಶದ ೧೯೮೬ರ ಪ್ರಾಣಿಪ್ರಯೋಗ ಕಾಯಿದೆಯ ರಕ್ಷಣೆ ಪಕ್ಷಿಭ್ರೂಣಕ್ಕೆ ದೊರೆಯುವುದು ಕಾವಿನ ಕೊನೆಯ ಮೂರನೆಯ ಒಂದು ಭಾಗದಲ್ಲಿ. ಆದಕಾರಣ ಇಂಥ ಪ್ರಯೋಗಗಳು ಸಾಮಾನ್ಯವಾಗಿ ಹದಿನಾಲ್ಕನೆಯ ದಿನದೊಳಗೆ ಮುಗಿಯುತ್ತವೆ.

ನಮ್ಮ ನಾಡಿನಲ್ಲಿಯೂ ಈ ಕೆಲಸ ನಡೆದಿದೆ. ಮೈಸೂರು ವಿಶ್ವವಿದ್ಯಾನಿಲಯದ ಭಾರತಿ ಸಾಲಿಮಠ ಮತ್ತು ಅವರ ಸಹೋದ್ಯೋಗಿಗಳು ಅರಿಶಿನದ ಸಾರವಾದ ಕರ್ಕ್ಯುಮಿನ್ ಮೊಟ್ಟೆಯ ಪೊರೆಯಲ್ಲಿ ಹೊಸ ನಾಳಗಳನ್ನು ತಡೆಯುತ್ತದೆಂದು ೨೦೦೨ರಲ್ಲಿ ಪ್ರಕಟಿಸಿದರು. ಮಾನಸಗಂಗೋತ್ರಿಯ ಪ್ರಯೋಗಾಲಯದಲ್ಲಿ ಅಡುಗೆಮನೆಯ ಅರಿಶಿನ ಹಾರ್ವೆಯ ಮೊಟ್ಟೆಯನ್ನು ಸಂಧಿಸಿದ್ದು ಹೀಗೆ.

ಸೊಲ್ಲಾಪುರದ ಜೇನು

ಈಗ ಜೇನಿನ ಕಡೆಗೆ ತಿರುಗೋಣ. ಸುಶ್ರುತ ಸಂಹಿತೆಯು ಜೇನನ್ನು ಎಂಟು ಬಗೆಯಾಗಿ ವಿಂಗಡಿಸಿ, ಅದಕ್ಕೆ ಹೇಳುವ ಗುಣಗಳಲ್ಲಿ ಶೋಧನ, ಸಂಧಾನ, ರೋಪಣ ಎಂಬ ಮೂರನ್ನು ಸೇರಿಸುತ್ತದೆ. ಹುಣ್ಣನ್ನು ಶುದ್ಧಗೊಳಿಸುವುದು, ಸೀಳಿದ್ದನ್ನು ಕೂಡಿಸುವುದು, ಮಾಂಸ ಚಿಗುರುವಂತೆ ಮಾಡುವುದು ಎಂದು ಇವುಗಳ ಅರ್ಥ. ಪ್ರಾಚೀನ ಈಜಿಪ್ಟಿನ ವೈದ್ಯರೂ ಗಾಯಕ್ಕೆ ಜೇನು ಹಚ್ಚುತ್ತಿದ್ದರು. ಹೆಜ್ಜೇನು, ತುಡುವೆ ಜೇನು, ಕೋಲುಜೇನುಗಳ ವ್ಯತ್ಯಾಸ ಬಲ್ಲ ಮಲೆನಾಡಿನ ಮನೆಗಳಲ್ಲಿ ಸುಟ್ಟ ಗಾಯಕ್ಕೆ ಜೇನು ಸವರುವುದನ್ನು ಯಾರೂ ಪುಸ್ತಕ ನೋಡಿ ಕಲಿತದ್ದಲ್ಲ.

ಆದರೆ ಪರಂಪರೆಯ ನಂಬಿಕೆ ಬೇರೆ, ಎಣಿಸಿ ತೋರಿಸಿದ ಫಲ ಬೇರೆ. ಎಣಿಸುವ ಕೆಲಸಕ್ಕೆ ಕೈಹಾಕಿದವರಲ್ಲಿ ಮೊದಲಿಗರು ಸೊಲ್ಲಾಪುರದ ವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ. ಸೊಲ್ಲಾಪುರವೆಂದರೆ ಶರಣ ಸಿದ್ಧರಾಮನ ಸೊನ್ನಲಿಗೆ. ಇಂದು ಮಹಾರಾಷ್ಟ್ರದಲ್ಲಿದ್ದರೂ ಕನ್ನಡದ ಉಸಿರು ಅಲ್ಲಿ ಇಂದಿಗೂ ಆಡುತ್ತಿದೆ. ಅವರು ಸುಟ್ಟ ಗಾಯಗಳ ೧೦೪ ರೋಗಿಗಳನ್ನು ಎರಡು ಸಮಪಾಲು ಮಾಡಿ, ೫೨ ಜನರಿಗೆ ಜೇನನ್ನೂ ಉಳಿದ ೫೨ ಜನರಿಗೆ ಅಂದು ರೂಢಿಯಲ್ಲಿದ್ದ ಸಿಲ್ವರ್ ಸಲ್ಫಡಯಜಿನ್ ಮುಲಾಮನ್ನೂ ಹಚ್ಚಿದರು. ಏಳು ದಿನಗಳೊಳಗೆ ಜೇನಿನ ಪಂಗಡದಲ್ಲಿ ನೂರಕ್ಕೆ ೯೧ ಗಾಯಗಳು ರೋಗಾಣುಮುಕ್ತವಾದವು. ಮುಲಾಮಿನ ಪಂಗಡದಲ್ಲಿ ನೂರಕ್ಕೆ ೭. ಆರೋಗ್ಯಕರವಾದ ಮಾಂಸಾಂಕುರ ಕಾಣಿಸಿಕೊಳ್ಳಲು ಮೊದಲನೆಯ ಪಂಗಡದಲ್ಲಿ ಸರಾಸರಿ ೭.೪ ದಿನ, ಎರಡನೆಯದರಲ್ಲಿ ೧೩.೪ ದಿನ ಹಿಡಿಯಿತು. ಈ ವರದಿ ೧೯೯೧ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸರ್ಜರಿಯಲ್ಲಿ ಪ್ರಕಟವಾಯಿತು. ವಿಧಿಯ ವ್ಯಂಗ್ಯವೆಂದರೆ, ಸರಿಸುಮಾರು ಅದೇ ವೇಳೆಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಹಬ್ಬಿ ಕರ್ನಾಟಕದ ತುಡುವೆ ಜೇನಿನ ಕುಟುಂಬಗಳು ಬಹುಪಾಲು ನಾಶವಾದವು.

ಮಾಂಸಾಂಕುರವೆಂಬ ಮಾತನ್ನು ಗಮನಿಸಬೇಕು. ಹುಣ್ಣಿನ ತಳದಲ್ಲಿ ಕಾಣುವ ಕೆಂಪು ಕಾಳುಕಾಳಾದ ಆ ಹೊಸ ಮಾಂಸಕ್ಕೆ ಕೆಂಪು ಬಣ್ಣ ಬರುವುದೇ ಅಲ್ಲಿ ಹೊಸದಾಗಿ ಹುಟ್ಟಿದ ಲೋಮನಾಳಗಳಿಂದ. ಸುಶ್ರುತನು ರೋಪಣವೆಂದದ್ದನ್ನು ಇಂದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುವುದು ರಕ್ತನಾಳಗಳ ಜನನವೇ. ಸೊಲ್ಲಾಪುರದ ವಾರ್ಡಿನಿಂದ ಮೊಟ್ಟೆಯ ಪೊರೆಗೆ ಹಾದಿ ತೆರೆಯುವುದು ಇಲ್ಲಿ.

ಎರಡು ಹಾದಿ ಕೂಡುವಲ್ಲಿ

ಜೇನಿನಲ್ಲಿರುವುದೇನು? ಬಹುಪಾಲು ಫ್ರಕ್ಟೋಸ್ ಮತ್ತು ಗ್ಲೂಕೋಸ್ ಎಂಬ ಸಕ್ಕರೆಗಳು, ನೂರಕ್ಕೆ ಸುಮಾರು ಹದಿನೇಳರಿಂದ ಇಪ್ಪತ್ತರಷ್ಟು ನೀರು, ಕೊಂಚ ಆಮ್ಲ, ಮತ್ತು ಹೂವಿನಿಂದಲೂ ಹುಳುವಿನಿಂದಲೂ ಬಂದ ನೂರಾರು ಸೂಕ್ಷ್ಮ ದ್ರವ್ಯಗಳು. ಜೇನುಹುಳು ಬೆರೆಸುವ ಒಂದು ಕಿಣ್ವವು, ಜೇನು ನೀರಾದಾಗ, ಹೈಡ್ರೋಜನ್ ಪೆರಾಕ್ಸೈಡನ್ನು ಹನಿಹನಿಯಾಗಿ ಉತ್ಪಾದಿಸುತ್ತದೆಂದು ೧೯೬೦ರ ದಶಕದ ಆದಿಯಲ್ಲಿ ಅಮೆರಿಕದ ಜೊನಾಥನ್ ವೈಟ್ ತೋರಿಸಿದನು. ಹೆಚ್ಚಾದರೆ ಜೀವಕೋಶವನ್ನು ಕೊಲ್ಲುವ ಈ ದ್ರವ್ಯ, ಅತ್ಯಲ್ಪ ಪ್ರಮಾಣದಲ್ಲಿ ರಕ್ತನಾಳಗಳ ಬೆಳವಣಿಗೆಯನ್ನು ಪ್ರಚೋದಿಸುತ್ತದೆ. ಜೇನು ಬಿಳಿಯ ರಕ್ತಕಣಗಳಿಂದ ಟಿ.ಎನ್.ಎಫ್. ಮೊದಲಾದ ಸಂದೇಶವಾಹಕಗಳನ್ನು ಹೊರಡಿಸುತ್ತದೆಂದು ಕಾರ್ಡಿಫ್‌ನ ಸಂಶೋಧಕರು ೨೦೦೩ರಲ್ಲಿ ವರದಿಮಾಡಿದರು. ೨೦೧೦ರಲ್ಲಿ ಸೌತಾಂಪ್ಟನ್ನಿನ ಸಂಶೋಧಕರು ಇಲಿಯ ಮಹಾಪಧಮನಿಯಿಂದ ಕತ್ತರಿಸಿದ ಉಂಗುರಗಳನ್ನು ಜೇನು ಬೆರೆಸಿದ ದ್ರವದಲ್ಲಿಟ್ಟಾಗ ಅವುಗಳ ಅಂಚಿನಿಂದ ಹೊಸ ನಾಳದ ಕುಡಿಗಳು ಹೆಚ್ಚಾಗಿ ಹೊರಟವು. ಇಷ್ಟನ್ನೇ ನೋಡಿದರೆ ಜೇನು ನಾಳವರ್ಧಕ.

ಇದಕ್ಕೆ ಪ್ರತಿಪಕ್ಷವೂ ಉಂಟು. ಹುಳುಗಳು ಗೂಡಿನ ಬಿರುಕು ಮುಚ್ಚಲು ಬಳಸುವ ಜೇನಂಟು ಮತ್ತು ಅದರಲ್ಲಿರುವ ಕೆಫೀಯಿಕ್ ಆಮ್ಲದ ಒಂದು ಸಂಯುಕ್ತವು ಮೊಟ್ಟೆಯ ಪೊರೆಯಲ್ಲಿ ನಾಳಗಳನ್ನು ತಡೆಯುತ್ತವೆಂದು ೨೦೦೨ರಲ್ಲಿ ಪ್ರಕಟವಾಯಿತು. ಜೇನಿನಲ್ಲಿಯೂ ಅಲ್ಪವಾಗಿ ಇರುವ ಕ್ರೈಸಿನ್‌ನಂತಹ ಫ್ಲೇವನಾಯ್ಡುಗಳು ಇದೇ ಗುಣದವು. ಮೇಲಾಗಿ ಅಧಿಕ ಗ್ಲೂಕೋಸಿಗೆ ಒಳಗಾದ ಭ್ರೂಣದ ಪೊರೆಯಲ್ಲಿ ನಾಳಜಾಲವು ಕುಂಠಿತವಾಗುತ್ತದೆಂದು ೨೦೦೪ರ ಫ್ರೆಂಚ್ ಅಧ್ಯಯನವೊಂದು ತೋರಿಸಿತು. ಸಿಹಿಮೂತ್ರ ರೋಗಿಯ ಹುಣ್ಣು ಏಕೆ ಮಾಯುವುದಿಲ್ಲವೆಂಬುದಕ್ಕೆ ಆ ಮೊಟ್ಟೆಯೊಂದು ಚಿಕ್ಕ ಕನ್ನಡಿ. ಜೇನೆಂದರೆ ಮುಖ್ಯವಾಗಿ ಸಕ್ಕರೆಯೇ ಎಂಬುದನ್ನು ಮರೆಯುವಂತಿಲ್ಲ.

ಹೀಗಾಗಿ ಜೇನನ್ನು ಮೊಟ್ಟೆಯಲ್ಲಿ ಪರೀಕ್ಷಿಸುವುದು ಕಾಣುವಷ್ಟು ಸುಲಭವಲ್ಲ. ಗಟ್ಟಿ ಜೇನನ್ನಿಟ್ಟರೆ ಅದು ಪೊರೆಯ ನೀರನ್ನೇ ಎಳೆದುಕೊಂಡು ಕೆರಳಿಸುತ್ತದೆ, ಆಮ್ಲವೂ ಕೆರಳಿಸುತ್ತದೆ. ಚಿಪ್ಪು ಕೊರೆಯುವಾಗ ಬಿದ್ದ ಪುಡಿ ಕೂಡ ನಾಳಗಳನ್ನು ತನ್ನತ್ತ ಸೆಳೆಯಬಲ್ಲದು. ಆದುದರಿಂದ ಪ್ರಾಮಾಣಿಕ ಪ್ರಯೋಗದಲ್ಲಿ ಒಂದು ಸಾಲು ಮೊಟ್ಟೆಗೆ ಜೇನು, ಇನ್ನೊಂದು ಸಾಲಿಗೆ ಅಷ್ಟೇ ಸಕ್ಕರೆಯೂ ಅಷ್ಟೇ ಹುಳಿಯೂ ಇರುವ ಕೃತಕ ಪಾಕ, ಮೂರನೆಯದಕ್ಕೆ ಬರಿಯ ಲವಣದ್ರವ ಎಂದು ಇಡಬೇಕು. ನಾಳ ಎಣಿಸುವವನಿಗೆ ಯಾವುದು ಯಾವ ಸಾಲೆಂದು ತಿಳಿದಿರಬಾರದು. ಜೇನು ಕೃತಕ ಪಾಕವನ್ನು ಮೀರಿದಷ್ಟು ಮಾತ್ರವೇ ಜೇನಿನ ನಿಜವಾದ ಗುಣ.

ನಮಗೆ ತೋರುವ ನಿರ್ಣಯವಿಷ್ಟು. ಜೇನು ವರ್ಧಕವೋ ನಿರೋಧಕವೋ ಎಂಬ ಪ್ರಶ್ನೆಗೆ ಒಂದೇ ಪದದ ಉತ್ತರವಿಲ್ಲ. ಯಾವ ಹೂವಿನದು, ಎಷ್ಟು ತೆಳುವಾದದ್ದು, ಎಂಥ ಅಂಗಾಂಶದ ಮೇಲೆ ಎಂಬುದನ್ನು ಅನುಸರಿಸಿ ಉತ್ತರ ಬದಲಾಗುತ್ತದೆ. ಮೊಟ್ಟೆಯ ಪೊರೆಯ ಮೇಲೆ ಕಂಡದ್ದನ್ನು ಮನುಷ್ಯನ ಗೆಡ್ಡೆಗೆ ಅನ್ವಯಿಸಿ, ಜೇನು ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದೆಂದು ಹೇಳುವವರನ್ನು ನಂಬಲಾಗದು.

ಮನೆಗೆ ಒಯ್ಯಬೇಕಾದ ಮಾತು

ಸೊಲ್ಲಾಪುರದ ಅಂಕಿಗಳೂ ಪ್ರಶ್ನಾತೀತವಲ್ಲ. ಗಾಯದ ಮೇಲಿನ ಜೇನು ವೈದ್ಯನ ಕಣ್ಣಿಗೂ ರೋಗಿಯ ಕಣ್ಣಿಗೂ ಕಾಣುವುದರಿಂದ ಪಕ್ಷಪಾತವನ್ನು ಪೂರ್ತಿ ಹೊರಗಿಡುವುದು ಕಷ್ಟ. ೨೦೧೫ರಲ್ಲಿ ಕಾಕ್ರೇನ್ ಸಂಸ್ಥೆಯು ೨೬ ಪ್ರಯೋಗಗಳನ್ನು, ಒಟ್ಟು ೩,೦೧೧ ರೋಗಿಗಳನ್ನು ಒಟ್ಟಿಗೆ ತೂಗಿ ನೋಡಿತು. ಚರ್ಮದ ಆಳಕ್ಕೆ ಪೂರ್ತಿ ಇಳಿಯದ ಸುಟ್ಟ ಗಾಯಗಳು ಕೆಲವು ಸಾಮಾನ್ಯ ಪಟ್ಟಿಗಳಿಗಿಂತ ಜೇನಿನಿಂದ ನಾಲ್ಕೈದು ದಿನ ಬೇಗ ಮಾಯುತ್ತವೆಂದು ಒಪ್ಪಿತು. ಸಿಲ್ವರ್ ಮುಲಾಮಿನೊಡನೆ ಹೋಲಿಸಿದ ಸಾಕ್ಷ್ಯ ತೀರ ದುರ್ಬಲವೆಂದು ಹೇಳಿತು. ಕಾಲಿನ ಅಭಿಧಮನಿಯ ಹುಣ್ಣುಗಳನ್ನು ಕುರಿತು ನ್ಯೂಜಿಲೆಂಡಿನಲ್ಲಿ ೩೬೮ ರೋಗಿಗಳ ಮೇಲೆ ನಡೆದು ೨೦೦೮ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಜೇನಿನಿಂದ ಗಣನೀಯ ಲಾಭ ಕಂಡುಬರಲಿಲ್ಲ.

ಆದ್ದರಿಂದ ಗ್ರೀನ್ ಸ್ಟ್ರೀಟಿನ ಅಂಗಡಿಯಿಂದ ತಂದ ಸೀಸೆಯ ಜೇನನ್ನು ಅಪ್ಪನ ಕಾಲಿನ ಹುಣ್ಣಿಗೆ ಸುರಿಯಬೇಡಿ. ಆಸ್ಪತ್ರೆಗಳಲ್ಲಿ ಬಳಸುವುದು ಗಾಮಾ ಕಿರಣಗಳಿಂದ ಶುದ್ಧಗೊಳಿಸಿದ ಜೇನು. ಅದು ಬೇಕೋ ಬೇಡವೋ ಎಂಬುದನ್ನು ಪಾದವನ್ನು ನೋಡುವ ವೈದ್ಯರು ನಿರ್ಧರಿಸಲಿ. ಇನ್ನೊಂದು ಮಾತನ್ನು ಎಳೆಯ ತಾಯಂದಿರಿಗೂ, ಅವರಿಗಿಂತ ಹೆಚ್ಚಾಗಿ ಊರಿನಿಂದ ಬಾಣಂತನಕ್ಕೆ ಬರುವ ಅಜ್ಜಿಯರಿಗೂ ಕೈಮುಗಿದು ಹೇಳುತ್ತೇವೆ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ತುಪ್ಪ ಮುಟ್ಟಿಸುವುದು ನಮ್ಮ ಹಳೆಯ ಸಂಸ್ಕಾರ. ಆದರೆ ಜೇನಿನಲ್ಲಿ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ನಿರುಪದ್ರವಿಯಾದ ಅವು ಹಸುಳೆಯ ಕರುಳಿನಲ್ಲಿ ಮೊಳೆತು ಉಸಿರಾಟವನ್ನೇ ನಿಲ್ಲಿಸಬಲ್ಲವು. ಈ ರೋಗವನ್ನು ಹಸುಳೆಗಳಲ್ಲಿ ಗುರುತಿಸಿದ್ದು ೧೯೭೬ರಲ್ಲಿ. ನಮ್ಮ ಹಿರಿಯರಿಗೆ ಅದು ತಿಳಿದಿರಲು ಸಾಧ್ಯವಿರಲಿಲ್ಲ. ಮಗುವಿಗೆ ವರ್ಷ ತುಂಬುವವರೆಗೆ ಜೇನು ಬೇಡ.

ಹಿರಿಯರು ಹೇಳಿದ್ದೆಲ್ಲ ಮೌಢ್ಯವೆನ್ನುವವರೂ, ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆನ್ನುವವರೂ ಮೊಟ್ಟೆಯ ಕಿಟಕಿಯೊಳಗೆ ಇಣುಕಿ ನೋಡುವ ಶ್ರಮ ತೆಗೆದುಕೊಳ್ಳುವುದಿಲ್ಲ. ಹಾರ್ವೆ ನೋಡಿದನು, ಅಪ್ಟನ್ನಿನ ಲಿಸ್ಟರ್ ತಂದೆ ಮಕ್ಕಳು ನೋಡಿದರು, ಸೊಲ್ಲಾಪುರದ ವೈದ್ಯರು ಎಣಿಸಿದರು, ಮೈಸೂರಿನ ವಿಜ್ಞಾನಿಗಳು ಪರೀಕ್ಷಿಸಿದರು. ಈ ಊರಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಒಬ್ಬರಾದರೂ ಆ ಸಾಲಿಗೆ ಸೇರಲೆಂದು ಹಾರೈಸುತ್ತೇವೆ.